ಇಪ್ಪತ್ತು ಸುತ್ತು ಜಾಜಿಕಾಯಿ

ನಡೆದದ್ದು ಇಷ್ಟು: ನನಗೆ ನಾನೇ ವಿಷ ತೇಯ್ದುಕೊಂಡು ಕುಡಿದೆ. ನಾಲ್ಕು ತಿಂಗಳ ಮೊಮ್ಮಗಳಿಗೂ ಅದೇ ಹೋಗಿರಬಹುದು ಎಂದು ಹೊಳೆದ ಮೇಲೂ ಕೆಲ ಹೊತ್ತು ಬಾಯಿ ಮುಚ್ಚಿಕೊಂಡು ಕೂತೆ. ದವಾಖಾನೆಯ ಕಾಗದದಲ್ಲಿ ಬೇರೆ ಏನೇನೋ ಹೆಸರು ಬರೆದಿದ್ದಾರೆ. ನನ್ನನ್ನು ಕೇಳಿದರೆ ಇಷ್ಟೇ.

ನಾನು ನಾಲ್ಕನೇ ಇಯತ್ತೆ ಓದಿದವಳು. ಈ ಬರಹದ ಕಾಗುಣಿತವನ್ನು ಮಗಳು ಸವಿತಾ ತಿದ್ದಿದ್ದಾಳೆ. ಮಾತನ್ನೂ ತಿದ್ದಲು ಹೋದಳು, ಪೆನ್ನು ಕಸಿದುಕೊಂಡೆ. ನಿದ್ದೆ ಬಾರದೆ ಗೋಡೆ ನೋಡುತ್ತ ಬೆಳಗು ಮಾಡುವವರು ಬಹಳ ಜನ ಇದ್ದಾರೆ. ಅವರಲ್ಲಿ ಅರ್ಧ ಜನ ಯಾರಿಗೂ ಹೇಳದೆ ಏನಾದರೊಂದು ಕುದಿಸಿ ಕುಡಿಯುತ್ತಾರೆ. ಅವರು ಓದಲಿ ಎಂದು ಬರೆದಿದ್ದೇನೆ.

ನಾವು ವಿಜಯಪುರದ ಕಡೆಯವರು. ಮನೆಯವರಿಗೆ ಇಲ್ಲಿಯ ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಹೈದರಾಬಾದಿಗೆ ಬಂದೆವು, ಕುಷಾಯಿಗೂಡದಲ್ಲೇ ಉಳಿದುಕೊಂಡೆವು. ಈಗ ಅವರಿಗೆ ನಿವೃತ್ತಿ ಆಗಿದೆ. ಯಂತ್ರಗಳ ಸದ್ದಿಗೆ ಅವರ ಕಿವಿ ಮುಕ್ಕಾಲು ಹೋಗಿದೆ. ಕಿವಿಗೆ ಹಾಕಿಕೊಳ್ಳುವ ಮಷೀನು ಇದೆ, ಅದು ಆಗ ಸದಾ ಕಪಾಟಿನ ಡಬ್ಬಿಯಲ್ಲಿ ಮಲಗಿರುತ್ತಿತ್ತು. ನಮ್ಮ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದುದು ಅದೊಂದೇ.

ಸವಿತಾ ಬಾಣಂತನಕ್ಕೆ ಮಣಿಕೊಂಡದ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಅವಳು ಬರುವುದಕ್ಕೆ ಮೊದಲೇ ನನ್ನ ನಿದ್ದೆ ಹೋಗಿತ್ತು. ಮೈ ಬಳಲಿ ಬೀಳುತ್ತದೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಎದೆ ಓಡಿ ಬಂದವರ ಎದೆಯ ಹಾಗೆ ಬಡಿಯುತ್ತದೆ. ಚಳಿಗಾಲದಲ್ಲೂ ನನಗೆ ಫ್ಯಾನ್ ಬೇಕು. ಮನೆಯವರು ರಗ್ಗು ಹೊದ್ದು ನನ್ನನ್ನು ಬೈಯುತ್ತಿದ್ದರು. ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ, ಆದರೂ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಚಹಾ ಸೋಸುವಾಗ ಕೈ ನಡುಗಿ ಕಟ್ಟೆಯ ಮೇಲೆ ಚೆಲ್ಲುತ್ತಿತ್ತು. ವಯಸ್ಸಾಯಿತು ಎಂದುಕೊಂಡೆ.

ಖರೆ ಹೇಳಬೇಕೆಂದರೆ ಬೇರೊಂದು ಅಂಜಿಕೆ ಇತ್ತು. ನಮ್ಮವ್ವನಿಗೂ ಹೀಗೇ ನಿದ್ದೆ ಹೋಗಿತ್ತು. ಆಮೇಲೆ ಬುದ್ಧಿ ಹೋಯಿತು. ಕಡೆಗೆ ಮಕ್ಕಳ ಗುರುತೂ ಹತ್ತದೆ, ಕಂಬಕ್ಕೆ ಸೆರಗು ಹೊಚ್ಚುತ್ತ ಕೂತಿರುತ್ತಿದ್ದಳು. ನಾನೂ ಅದೇ ದಾರಿಯಲ್ಲಿದ್ದೇನೆ ಎಂದು ನನಗೆ ಗಟ್ಟಿಯಾಗಿತ್ತು. ಹೇಳಿದರೆ ಮಗಳು ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ. ಅದಕ್ಕೆ ಹೇಳಲಿಲ್ಲ.

"ಅವ್ವಾ, ಭಾಳ ಸೊರಗೀದಿ ನೀ. ಡಾಕ್ಟರಿಗೆ ತೋರಸೂಣು ನಡಿ," ಎಂದಳು ಸವಿತಾ, ಒಂದಲ್ಲ ಹತ್ತು ಸಲ.

"ನಿದ್ದಿ ಬರವಲ್ದು ಅಂತ ಡಾಕ್ಟರ ಕಡೆ ಹೋದ್ರ ನಗ್ತಾರ. ನಿನ್ನ ಕೂಸು ಮಲಗಿದ್ರ ನಾನೂ ಮಲಗ್ತೀನಿ, ಹೋಗು."

ನಮ್ಮ ಕಾಲೊನಿಯಲ್ಲಿ ನಿದ್ದೆಯಿಲ್ಲ ಎಂದು ಒಂದು ಬಾಗಿಲಲ್ಲಿ ಹೇಳಿದರೆ ಹತ್ತು ಬಾಗಿಲಿಂದ ಮದ್ದು ಬರುತ್ತದೆ. ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿದೆ. ಒಂದೆಲಗದ ಎಣ್ಣೆ ನೆತ್ತಿಗೆ ತಟ್ಟಿದೆ. ಅಂಗಾಲಿಗೆ ತುಪ್ಪ ಸವರಿ ಕಂಚಿನ ಬಟ್ಟಲಿನಿಂದ ಕಪ್ಪಾಗುವ ತನಕ ತಿಕ್ಕಿದೆ. ಎದುರು ಮನೆಯ ಅನಸೂಯಮ್ಮ, ಅವಳು ತೆಲುಗಿನವಳು, ಅಶ್ವಗಂಧದ ಪುಡಿ ತಂದುಕೊಟ್ಟಳು. ಅದನ್ನು ತೆಗೆದುಕೊಂಡ ಮೇಲೆ ಎದೆಬಡಿತ ಇನ್ನೂ ಹೆಚ್ಚಾಯಿತು. ಮದ್ದು ಕೆಲಸ ಮಾಡುತ್ತಿದೆ ಎಂದುಕೊಂಡೆ. ಎಂಥ ಹುಚ್ಚಿ ನೋಡಿ.

ಇನ್ನುಳಿದದ್ದು ಜಾಜಿಕಾಯಿ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮತ್ತೆಯಿಂದ ಬಂದ ಸಾಣೆಕಲ್ಲು ನನ್ನ ಬಳಿ ಇತ್ತು. ಅದರ ಮೇಲೆ ಬಜೆ, ಅಳಲೆಕಾಯಿ, ಜಾಜಿಕಾಯಿ ತೇಯ್ದು ತಾಯಿಹಾಲಲ್ಲಿ ಕಲಸಿ ಮೂರು ಮಕ್ಕಳಿಗೆ ಕುಡಿಸಿದ್ದೇನೆ. ನಮ್ಮ ಅಳತೆ ಸುತ್ತಿನದು. ಕಲ್ಲಿನ ಮೇಲೆ ಕಾಯನ್ನು ಒಂದು ಸಲ ದುಂಡಗೆ ತಿರುಗಿಸಿದರೆ ಒಂದು ಸುತ್ತು. ಕೂಸಿಗೆ ಜಾಜಿಕಾಯಿ ಒಂದು ಸುತ್ತು, ದೊಡ್ಡವರಿಗೆ ಹತ್ತು. ಅತ್ತೆ ಹೇಳಿದ್ದು ಅಷ್ಟೇ, ಕಲ್ಲಿನ ಬಗ್ಗೆ ಏನೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಯಾಕೆ ಬರಬೇಕು? ಕಲ್ಲು ಒಂದೇ ಇತ್ತು.

ಆ ಕಲ್ಲನ್ನು ಮನೆಯವರು ಒಡೆದರು. ತೊಟ್ಟಿಲ ಕೊಂಡಿಗೆ ಮೊಳೆ ಹೊಡೆಯಬೇಕಿತ್ತು, ಸುತ್ತಿಗೆ ಕೈಗೆ ಸಿಗಲಿಲ್ಲ, ಸಾಣೆಕಲ್ಲು ಸಿಕ್ಕಿತು. ಎರಡು ಹೋಳು.

"ಜನ್ಮ ಪೂರಾ ಫಿಟ್ಟರ್ ಆಗಿ ಮನ್ಯಾಗ ಒಂದು ಸುತ್ತಿಗಿ ಇಟ್ಕೊಂಡಿಲ್ಲಲ್ರಿ!" ಎಂದು ಒದರಿದೆ.

"ಹೂಂ, ಗಟ್ಟಿ ಕುಂತೈತಿ," ಎಂದರು ಅವರು, ಮೊಳೆ ಅಲ್ಲಾಡಿಸಿ ನೋಡುತ್ತ.

ರಸ್ತೆ ಬದಿಯಲ್ಲಿ ಒರಳು, ರುಬ್ಬುಗುಂಡು ಮಾರುವವರ ಬಳಿ ಹೊಸ ಸಾಣೆಕಲ್ಲು ತಂದೆ. ಆಗಷ್ಟೇ ಉಳಿಯಿಂದ ಕಚ್ಚು ಹೊಡೆದದ್ದು. ಪದ್ಧತಿ ಪ್ರಕಾರ ಉಪ್ಪು ಹಾಕಿ ತಿಕ್ಕಿದೆ, ಅಕ್ಕಿ ಹಾಕಿ ತೇಯ್ದು ಕಲ್ಲುಪುಡಿ ಹೋಗುವ ತನಕ ತೊಳೆದೆ. ಅಷ್ಟು ಮಾಡಿದರೆ ಕಲ್ಲು ಪಳಗಿತು ಎಂದು ಲೆಕ್ಕ. ಮರುದಿನದಿಂದ ಕೂಸಿಗೆ ಅದರಲ್ಲೇ ಒಂದು ಸುತ್ತು, ಮಲಗುವ ಮುಂಚೆ ನನಗೆ ಹತ್ತು. ಮೊದಲ ಮೂರ್ನಾಲ್ಕು ದಿನ ಕಣ್ಣು ಎಳೆಯಿತು. ನಿದ್ದೆ ಎನ್ನಲಾರೆ, ಯಾರೋ ಕಂಬಳಿ ಮುಚ್ಚಿ ಮೇಲೆ ಕೂತ ಹಾಗೆ. ಬೆಳಿಗ್ಗೆ ಬಾಯಿ ಒಣಗಿರುತ್ತಿತ್ತು. ಆಮೇಲೆ ಅದೂ ಹೋಯಿತು. ಮೂರು ರಾತ್ರಿ ಒಂದು ಚೂರೂ ಕಣ್ಣು ಮುಚ್ಚದೆ ಬೆಳಗಾಯಿತು.

ನಾಲ್ಕನೆಯ ದಿನ ನಾನೊಂದು ಶಾಣ್ಯಾತನ ಮಾಡಿದೆ. ಕೂಸು ಎರೆದುಕೊಂಡ ಮೇಲೆ ಮಧ್ಯಾಹ್ನದವರೆಗೆ ಮಲಗುತ್ತದೆ. ಅದರ ಜೊತೆ ನಾನೂ ಕುಡಿದು ಮಲಗಿದರಾಯಿತು ಎಂದುಕೊಂಡೆ. ಹನ್ನೊಂದು ಗಂಟೆಗೆ ಕಾಲು ಚಾಚಿ ಕೂತು ಕೂಸಿಗೆ ಎರೆದೆ, ಲೋಬಾನದ ಹೊಗೆ ಹಾಕಿದೆ, ಸವಿತಾಳ ಕೈಗೆ ಕೊಟ್ಟೆ. ಸಾಣೆಕಲ್ಲು ತೆಗೆದೆ. ಕೂಸಿಗೆ ಒಂದು ಸುತ್ತು, ನನಗೆ ಇಪ್ಪತ್ತು. ಕೂಸಿನದು ಒಳಲೆಯಲ್ಲಿ, ಅಂದರೆ ಮಕ್ಕಳಿಗೆ ಕುಡಿಸುವ ಆ ಮೂತಿಯ ಪುಟ್ಟ ಬಟ್ಟಲಲ್ಲಿ. ನನ್ನದು ಸ್ಟೀಲಿನ ವಾಟಿಯಲ್ಲಿ.

"ಕೊಡವ್ವಾ, ನಾ ಕುಡಸ್ತೀನಿ," ಎಂದು ಸವಿತಾ ದಿನದ ಹಾಗೆ ಒಳಲೆ ಇಸಿದುಕೊಂಡು ಒಳಗೆ ಹೋದಳು. ನಾನು ನನ್ನದನ್ನು ಒಂದೇ ಗುಟುಕಿಗೆ ಕುಡಿದೆ.

ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಸವಿತಾ ಕೂಸಿಗೆ ಹಾಲು ಕೊಟ್ಟು ಮತ್ತೆ ಮಲಗಿಸಿ, ಅದರ ಜನನ ಪತ್ರ ತರಲು ಆಫೀಸಿಗೆ ಹೊರಟಳು. "ಐದರ ಒಳಗ ಬರ್ತೀನವ್ವಾ. ಎದ್ರ ಎತ್ಕೊ, ಅಪ್ಪಗ ಕೊಡಬ್ಯಾಡ, ಅದು ಅತ್ತರ ಅವನಿಗೆ ಕೇಳಿಸೂದಿಲ್ಲ."

ಅವಳು ಹೋದ ಸ್ವಲ್ಪ ಹೊತ್ತಿಗೆ ಶುರುವಾಯಿತು. ಮೊದಲು ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರು ಕುಡಿದೆ, ಬಾಯಿ ಒದ್ದೆಯಾಗಲೇ ಇಲ್ಲ. ಎದೆ ಗಂಟಲಲ್ಲಿ ಬಡಿಯತೊಡಗಿತು. ನನ್ನ ಕಾಲುಗಳು ದೂರದಲ್ಲಿ, ಬೇರೆ ಯಾರದೋ ಕಾಲುಗಳ ಹಾಗೆ ಕಂಡವು. ಗೋಡೆ ಹಿಂದಕ್ಕೆ ಸರಿಯಿತು, ಮತ್ತೆ ಮುಂದೆ ಬಂತು. ಫ್ಯಾನಿನ ಸದ್ದು ನನ್ನ ತಲೆಯೊಳಗಿಂದ ಬರುತ್ತಿತ್ತು. ಬಂತು, ನಮ್ಮವ್ವನ ಕಾಯಿಲೆ ಬಂದೇ ಬಂತು ಎಂದುಕೊಂಡೆ. ನಾನು ಎದ್ದು ಕಂಬ ಹುಡುಕುತ್ತೇನೆ, ಸೆರಗು ಹೊಚ್ಚುತ್ತೇನೆ, ಸವಿತಾ ಬಂದಾಗ ಯಾರವ್ವ ನೀ ಎನ್ನುತ್ತೇನೆ.

ಕೂಸಿನ ಕಡೆ ನೋಡಿದೆ. ಅದು ಬಹಳ ಹೊತ್ತಿನಿಂದ ಮಲಗಿತ್ತು. ಬೆಳಿಗ್ಗೆಯಿಂದ ಅಲುಗಿಲ್ಲ ಅನ್ನಿಸಿತು. ಗಡಿಯಾರ ನೋಡಿದೆ. ಮೂರು ಗಂಟೆ. ಮತ್ತೆ ಬಹಳ ಹೊತ್ತು ಬಿಟ್ಟು ನೋಡಿದೆ. ಮೂರು ಗಂಟೆ ಎರಡು ನಿಮಿಷ.

ಆಗ ಹೊಳೆಯಿತು. ಇದು ಅವ್ವನ ಕಾಯಿಲೆ ಅಲ್ಲ, ಕುಡಿದದ್ದು. ಅದು ಹೊಳೆದ ಕೂಡಲೇ ಇನ್ನೊಂದು ಹೊಳೆಯಿತು. ಒಂದೇ ಕಲ್ಲಿನ ಮೇಲೆ ಎರಡೂ ತೇಯ್ದೆ. ನಡುವೆ ಕಲ್ಲು ತೊಳೆದೆನೇ? ಮೊದಲು ತೇಯ್ದದ್ದು ಯಾರದು? ಬೆರಳಿನಿಂದ ಬಳಿದು ಹಾಕಿದ್ದು ಯಾವ ಬಟ್ಟಲಿಗೆ? ನೆನಪು ಮಾಡಿಕೊಳ್ಳಲು ಹೋದರೆ ಒಂದು ಸಲ ಒಳಲೆ ಕಾಣುತ್ತದೆ, ಒಂದು ಸಲ ವಾಟಿ. ನನಗೇ ಹೀಗಾದರೆ, ಆ ಅಂಗೈ ಅಗಲದ ಎದೆಗೆ ಏನಾಗಬೇಕು?

ಈಗ ಬರೆಯುವ ಮಾತನ್ನು ಸವಿತಾ ಬೇಡ ಎಂದಳು. ಬರೆಯುತ್ತೇನೆ. ಮನೆಯವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಕರೆಯಲಿಲ್ಲ. ಕರೆದರೆ ಗೊತ್ತಾಗುತ್ತದೆ, ಗೊತ್ತಾದರೆ ಕೂಸನ್ನು ಮತ್ತೆ ನನ್ನ ಕಾಲ ಮೇಲೆ ಯಾರೂ ಹಾಕುವುದಿಲ್ಲ. ತಾನೇ ಏಳುತ್ತದೆ, ಈಗ ಏಳುತ್ತದೆ ಎಂದು ಕೂತೆ. ಅದರ ಹೊಟ್ಟೆ ಏರಿ ಇಳಿಯುವುದನ್ನು ಎಣಿಸುತ್ತ ಕೂತೆ. ಐದು ನಿಮಿಷವೋ, ಅರ್ಧ ಗಂಟೆಯೋ, ನನಗೆ ಆ ಹೊತ್ತಿನ ಅಳತೆ ಇಲ್ಲ. ಸುಮ್ಮನಿದ್ದದ್ದು ಮಾತ್ರ ಖರೆ.

ಅಂಗಾಲು ಚಿವುಟಿದೆ. ಕಾಲು ಎಳೆದುಕೊಂಡಿತು, ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಚಿವುಟಿದೆ. ತುಟಿ ಚೀಪಿ ಮತ್ತೆ ಮಲಗಿತು.

ಕೂಸನ್ನು ಎತ್ತಿಕೊಂಡು ಗೋಡೆ ಹಿಡಿದು ಪಡಸಾಲೆಗೆ ಬಂದೆ. "ದವಾಖಾನಿ," ಎಂದೆ. ಬಾಯಿ ಒಣಗಿ ದನಿ ಬರಲಿಲ್ಲ.

"ಏನಂದಿ?" ಎಂದರು ಮನೆಯವರು.

"ಕೂಸಿಗೆ ಜಾಜಿಕಾಯಿ ಹೆಚ್ಚಾಗೇತಿ."

"ಜಾಜಿಕಾಯಿ ಖಾಲಿ ಆಗೇತೇನು? ನಾಳಿ ತರ್ತೀನಿ ಬಿಡು."

ಕಿವುಡನಿಗೆ ತಪ್ಪು ಒಪ್ಪಿಸುವುದು ಎಂದರೆ ಏನು ಎಂದು ಅವತ್ತು ತಿಳಿಯಿತು. ಒಂದು ತಂಬಿಗೆ ನೀರು ಬಾಯಿಗೆ ಸುರಿದುಕೊಂಡೆ, ಅವರ ಕಿವಿಗೆ ಬಾಯಿ ಹಚ್ಚಿ ಒದರಿದೆ. "ನಾ ಕೂಸಿಗೆ ವಿಷಾ ಹಾಕೀನ್ರೀ! ನಾನೂ ಕುಡದೀನಿ! ಎಬ್ಬಿಸಿದ್ರ ಏಳವಲ್ದು!"

ಮೂರು ಮಾಳಿಗೆಗೆ ಕೇಳಿಸಿರಬೇಕು. ಎದುರು ಬಾಗಿಲು ತೆರೆಯಿತು. ಅನಸೂಯಮ್ಮ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದಳು. ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಬರಿಗಾಲಲ್ಲಿ ಕೆಳಗಿಳಿದು ಆಟೋ ನಿಲ್ಲಿಸಿದಳು. ಅವಳ ಆ ಋಣ ನಾನು ತೀರಿಸಲಾರೆ, ಅಶ್ವಗಂಧವನ್ನು ಆ ಲೆಕ್ಕದಲ್ಲಿ ಮಾಫ್ ಮಾಡಿದ್ದೇನೆ.

ಆಟೋದಲ್ಲಿ ಮನೆಯವರು ಕೂಸನ್ನು ಎದೆಗೆ ಒತ್ತಿ ಹಿಡಿದಿದ್ದರು. ಒಂದು ಕೈಯಲ್ಲಿ ಸವಿತಾಗೆ ಫೋನ್ ಹಚ್ಚಿದರು. "ಅವ್ವ ಕೂಸಿಗೆ ಜಾಜಿಕಾಯಿ ಭಾಳ ಕುಡಿಸ್ಯಾಳಂತ! ದವಾಖಾನಿಗೆ ಹೊಂಟೀವಿ! ಮಾರ್ಕೆಟ್ ಬಾಜೂದ್ದು!" ಎಂದು ಒದರಿ ಫೋನ್ ಜೇಬಿಗೆ ಹಾಕಿದರು. ಕಿವಿಯ ಮಷೀನು ಕಪಾಟಿನಲ್ಲಿತ್ತು. ಆ ಕಡೆಯಿಂದ ಅವಳು ಏನು ಹೇಳಿದಳೋ ದೇವರೇ ಬಲ್ಲ. ಜೇಬಿನೊಳಗೆ ಫೋನ್ ಮತ್ತೆ ಮತ್ತೆ ಗುಂಯ್ ಅನ್ನುತ್ತಿತ್ತು, ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸುತ್ತಿತ್ತು, ಅದೂ ನನ್ನ ತಲೆಯೊಳಗಿನ ಸದ್ದು ಎಂದುಕೊಂಡೆ.

ದವಾಖಾನೆಯಲ್ಲಿ ಎರಡು ಮಂಚ. ಒಂದರ ಮೇಲೆ ನನ್ನನ್ನು ಮಲಗಿಸಿ ಎದೆಗೆ ವೈರು ಅಂಟಿಸಿದರು. ಇನ್ನೊಂದರ ಮೇಲೆ ಕೂಸು, ಅಷ್ಟು ದೊಡ್ಡ ಮಂಚದಲ್ಲಿ ಮಡಿಚಿಟ್ಟ ಟವೆಲ್ಲಿನ ಹಾಗೆ. ನಡುವೆ ಪರದೆ ಎಳೆದರು. "ಪರದಾ ತೆಗೀರಿ," ಎಂದೆ. ಯಾರೂ ತೆಗೆಯಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಎಂತ ತೀಸ್ಕುನ್ನಾರಮ್ಮಾ? ಎನ್ನಿ ಸ್ಪೂನ್ಲು?" ಎಂದಳು. ಎಷ್ಟು ತೆಗೆದುಕೊಂಡೆ, ಎಷ್ಟು ಚಮಚ ಎಂದು.

"ಇಪ್ಪತ್ತು ಸುತ್ತು."

"ಸುತ್ತು?"

ಬೆರಳಿನಿಂದ ಗಾಳಿಯಲ್ಲಿ ದುಂಡಗೆ ತಿರುಗಿಸಿ ತೋರಿಸಿದೆ. ಅವಳು ನನ್ನ ಬೆರಳು ನೋಡಿದಳು, ನರ್ಸಿನ ಮುಖ ನೋಡಿದಳು, ಕಾಗದದ ಮೇಲೆ ಏನೂ ಬರೆಯಲಿಲ್ಲ. ಜೀವನವೆಲ್ಲ ನಾನು ನಂಬಿದ ಅಳತೆ ಆ ಕಾಗದದಲ್ಲಿ ಬರೆಯಲು ಬರುವಂಥದ್ದೇ ಆಗಿರಲಿಲ್ಲ.

"ಪಾಪಾಯಿಕಿ ಎಂತ?" ಎಂದಳು. ಕೂಸಿಗೆ ಎಷ್ಟು.

"ಒಂದು. ಇಲ್ಲಾ ಇಪ್ಪತ್ತು. ಗೊತ್ತಿಲ್ಲ."

ಆ "ಗೊತ್ತಿಲ್ಲ"ವನ್ನು ನಾನು ಮೂರು ಸಲ ಹೇಳಬೇಕಾಯಿತು, ಮೂವರಿಗೆ. ಪ್ರತಿಯೊಬ್ಬರೂ ಹೊಸದಾಗಿ ಕೇಳಿದರು.

ಪರದೆಯ ಆ ಕಡೆ ಕೂಸಿಗೆ ಸೂಜಿ ಚುಚ್ಚಿರಬೇಕು, ಅತ್ತಿತು. ಒಳ್ಳೆಯ ಗಟ್ಟಿ ಅಳು. ನಾನು ಎದ್ದು ಕೂರಲು ಹೋದೆ, ನರ್ಸು ಹೆಗಲು ಒತ್ತಿದಳು. ಅತ್ತಿತಲ್ಲ, ಇನ್ನು ಚಿಂತೆಯಿಲ್ಲವಲ್ಲ ಎಂದೆ. ಹಾಗೆ ಹೇಳಲಾಗುವುದಿಲ್ಲ, ಕೆಲವು ಗಂಟೆ ಕಾದು ನೋಡಬೇಕು ಎಂದಳು ಡಾಕ್ಟರು. ಅಳು ನಿಂತಿತು. ನಿಂತದ್ದು ಯಾಕೆ ಎಂದು ಯಾರೂ ಹೇಳಲಿಲ್ಲ. ಆ ಪರದೆ ಹಸಿರು ಬಣ್ಣದ್ದು, ಕೆಳಗಡೆ ಒಂದು ಹೊಲಿಗೆ ಬಿಚ್ಚಿತ್ತು. ಇವತ್ತಿಗೂ ಹಸಿರು ಪರದೆ ಕಂಡರೆ ಮೊದಲು ಅದರ ಕೆಳಗಿನ ಹೊಲಿಗೆ ನೋಡುತ್ತೇನೆ.

ಎಷ್ಟು ಹೊತ್ತಿನ ಮೇಲೋ ಸವಿತಾಳ ಚಪ್ಪಲಿ ಸದ್ದು. ಅವಳು ಮೊದಲು ಪರದೆಯ ಆ ಕಡೆ ಹೋದಳು. ಡಾಕ್ಟರಿಗೆ ಏನೋ ಹೇಳಿದಳು, ತೆಲುಗಿನಲ್ಲಿ, ಬಹಳ ವೇಗವಾಗಿ. ಆಮೇಲೆ ಪರದೆ ಸರಿಸಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ನಿಂತಳು. ಕೂಸಿನ ಕಣ್ಣು ಪಿಳಿಪಿಳಿ.

"ಅವ್ವಾ, ಕೂಸಿನ ಹೊಟ್ಟಿಗೆ ಏನೂ ಹೋಗಿಲ್ಲ."

"ನಾನs ತೇಯ್ದು ಕೊಟ್ಟೀನಲ್ಲs."

"ನೀ ಕೊಟ್ಟಿ. ನಾ ಕುಡಿಸಿಲ್ಲ. ಒಂದು ದಿನಾನೂ ಕುಡಿಸಿಲ್ಲ. ಕೂಸಿನ ಡಾಕ್ಟರು ಮೊದಲನೇ ದಿನಾನ ಹೇಳಿದ್ರು, ಎದಿಹಾಲು ಬಿಟ್ಟು ಏನೂ ಹಾಕಬ್ಯಾಡ್ರಿ ಅಂತ. ದಿನಾ ಒಳಲಿ ಒಯ್ದು ಬಾಲ್ಕನಿ ಕರಿಬೇವಿನ ಕುಂಡಕ್ಕ ಚೆಲ್ಲೀನಿ." ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ಫೋನ್‌ದಾಗ ಅಪ್ಪಗ ಅದನ್ನs ಒದರಾಕತ್ತಿದ್ದೆ. ಬಸ್ಸಿನವ್ರೆಲ್ಲಾ ತಿರುಗಿ ನೋಡಾಕತ್ತಿದ್ರು. ಆಮ್ಯಾಲೆ ಎಷ್ಟು ಹಚ್ಚಿದ್ರೂ ಅಪ್ಪ ಫೋನ್ ಎತ್ತಲೇ ಇಲ್ಲ."

ಮೊದಲು ಬಂದದ್ದು ಸಿಟ್ಟು. ನಾಲ್ಕು ತಿಂಗಳು ನನ್ನ ಕೈಯಿಂದ ಇಸಿದುಕೊಂಡು ನನ್ನ ಬೆನ್ನ ಹಿಂದೆ ಚೆಲ್ಲಿದ್ದಾಳೆ. ನಾನು ತೇಯ್ದ ಗುಣಕ್ಕೇ ಕೂಸು ಹೀಗೆ ನಿದ್ದೆ ಮಾಡುತ್ತದೆ ಎಂದು ಅನಸೂಯಮ್ಮನ ಮುಂದೆ ಹೇಳಿಕೊಂಡಾಗ ಇವಳು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದ್ದಳು. ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಹಲ್ಲು ಕಟಕಟ ನಡುಗತೊಡಗಿದವು, ಎರಡು ಕೈಯಿಂದ ದವಡೆ ಹಿಡಿದುಕೊಂಡರೂ ನಿಲ್ಲಲಿಲ್ಲ.

"ಛಲೋ ಮಾಡಿದಿ," ಎಂದೆ. "ಕಳ್ಳಿ. ಛಲೋ ಮಾಡಿದಿ."

ಕೂಸನ್ನು ಸಂಜೆ ಮನೆಗೆ ಕಳಿಸಿದರು, ನನ್ನನ್ನು ಇಟ್ಟುಕೊಂಡರು. ಜಾಜಿಕಾಯಿ ಇಳಿಯಲು ಮರುದಿನ ಮಧ್ಯಾಹ್ನವಾಯಿತು. ಗೋಡೆ ಗೋಡೆಯಾಯಿತು, ಕಾಲು ನನ್ನವಾದವು. ಎದೆಬಡಿತ ಮಾತ್ರ ಇಳಿಯಲಿಲ್ಲ. ಅದೇ ಹುಡುಗಿ ಡಾಕ್ಟರು ಬಂದು ನನ್ನ ಕೈ ಮುಂದೆ ಚಾಚಿಸಿದಳು, ಬೆರಳ ಮೇಲೆ ಒಂದು ಕಾಗದ ಇಟ್ಟಳು. ಕಾಗದ ಪಟಪಟ ಅಲುಗಿತು. ನೀರು ಕೊಟ್ಟು ನುಂಗು ಎಂದಳು, ಗಂಟಲು ನೋಡಿದಳು, ಹಿಂದೆ ನಿಂತು ಎರಡೂ ಕೈಯಿಂದ ಕುತ್ತಿಗೆ ತಡವಿದಳು. ಎಷ್ಟು ದಿನದಿಂದ ನಿದ್ದೆಯಿಲ್ಲ, ಎಷ್ಟು ತೂಕ ಇಳಿದಿದೆ, ಸೆಕೆ ಹೆಚ್ಚೇ ಎಂದು ಕೇಳಿದಳು. ಎಲ್ಲದಕ್ಕೂ ಹೌದು. ರಕ್ತ ತೆಗೆದರು, ಕುತ್ತಿಗೆಗೆ ಸ್ಕ್ಯಾನು ಬರೆದರು.

ಸ್ಕ್ಯಾನಿನ ಕೋಣೆಯ ಹೊರಗೆ ಒಂದು ಬೆಂಚು. ಮನೆಯವರು ಪಕ್ಕದಲ್ಲಿ, ಈಗ ಕಿವಿಗೆ ಮಷೀನು ಹಾಕಿಕೊಂಡು. ನಾನು ನನ್ನ ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಏನೋ ಇದೆ ಅನ್ನಿಸುತ್ತಿತ್ತು, ಇಲ್ಲ ಅನ್ನಿಸುತ್ತಿತ್ತು. ಕುತ್ತಿಗೆಯ ಗಂಟು ಎಂದರೆ ಒಂದೇ ರೋಗ ಎಂದು ನಮ್ಮ ಕಡೆ ತಿಳಿವಳಿಕೆ. ಎದುರಿಗೆ ಕೂತಿದ್ದ ಒಬ್ಬ ಹೆಂಗಸು ನನ್ನ ಕೈಯನ್ನೇ ನೋಡುತ್ತಿದ್ದಳು. ದೊಡ್ಡ ಕುಂಕುಮ, ಮುಡಿ ತುಂಬ ಹೂವು.

"ಥೈರಾಯ್ಡಾ?" ಎಂದಳು ತೆಲುಗಿನಲ್ಲಿ. ಗೊತ್ತಿಲ್ಲ ಎಂದೆ. "ನನಗೂ ಹೀಗೇ ಆಗಿತ್ತು. ನಿದ್ದೆಯಿಲ್ಲ, ನಡುಕ, ಅತ್ತೆಯ ಮೇಲೆ ಸುಮ್ಮಸುಮ್ಮನೆ ಸಿಟ್ಟು. ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೆ ಎಮ್ಮೆಯ ಹಾಗೆ ಮಲಗಿದೆ."

"ಸಿಟ್ಟೂ ಹೋಯ್ತಾ?" ಎಂದು ಕೇಳಿದೆ.

"ಅದು ರೋಗದ್ದಲ್ಲ ಎಂದು ಆಮೇಲೆ ಗೊತ್ತಾಯಿತು," ಎಂದಳು. ಎಷ್ಟೋ ದಿನದ ಮೇಲೆ ನಕ್ಕೆ. ಅವಳ ಹೆಸರೂ ಕೇಳಲಿಲ್ಲ. ಅವಳ ಮುಡಿಯ ಹೂವು ಮಾತ್ರ ನೆನಪಿದೆ, ಬಾಡಿದ್ದವು, ಆದರೂ ತೆಗೆದಿರಲಿಲ್ಲ.

ಅದೇ ಆಗಿತ್ತು. ಕುತ್ತಿಗೆಯಲ್ಲಿರುವ ಆ ಗ್ರಂಥಿ ಹದ್ದು ಮೀರಿ ಕೆಲಸ ಮಾಡುತ್ತಿತ್ತಂತೆ. ಕೆಟ್ಟ ಗಂಟು ಇಲ್ಲ. ಅವ್ವನ ಕಾಯಿಲೆಯೂ ಇಲ್ಲ. ಬುದ್ಧಿ ಹೋಗಿರಲಿಲ್ಲ, ಹೋಗುವಂತೆಯೂ ಇರಲಿಲ್ಲ. ಅಷ್ಟು ತಿಂಗಳು ನಾನು ನಿದ್ದೆಗೆ ಮದ್ದು ಹಾಕುತ್ತಿದ್ದೆ. ನಿದ್ದೆ ತಾನಾಗಿ ಹೋಗಿರಲಿಲ್ಲ, ಅದನ್ನು ಓಡಿಸುವವನು ಗಂಟಲಲ್ಲಿ ಕೂತಿದ್ದ. ಅಶ್ವಗಂಧ ಎಂದ ಕೂಡಲೇ ಡಾಕ್ಟರು ಹಣೆ ಹಿಡಿದುಕೊಂಡಳು. ನಿಮ್ಮ ಈ ಕಾಯಿಲೆಗೆ ಅದು ಆಗದು, ಮುಟ್ಟಬೇಡಿ ಎಂದಳು.

ಅವತ್ತು ಸಂಜೆ ಸವಿತಾ ಮನೆಯಿಂದ ನನ್ನ ಮದ್ದಿನ ಡಬ್ಬಿ ತಂದಳು, ಏನೇನು ಕುಡಿದಿದ್ದೇನೆ ಎಂದು ಡಾಕ್ಟರು ನೋಡಬೇಕಂತೆ. ಡಬ್ಬಿ ತೆರೆದೆ. ಜಾಜಿಕಾಯಿ ಕೈಗೆ ತೆಗೆದುಕೊಂಡೆ. ಅರ್ಧ ಹುಣಸೆಬೀಜದಷ್ಟು ಉಳಿದಿತ್ತು. ಹೊಸ ಕಲ್ಲು ತಂದ ದಿನ ಅದು ಇಡೀ ಕಾಯಿ. ಅಂದಿಗೆ ಹತ್ತು ದಿನವೂ ಆಗಿರಲಿಲ್ಲ. ಹಳೆಯ ಕಲ್ಲಿನಲ್ಲಿ ಒಂದೇ ಜಾಜಿಕಾಯಿ ನನ್ನ ಮೂರು ಮಕ್ಕಳ ಬಾಲ್ಯ ದಾಟಿಸಿತ್ತು.

ಮನೆಯವರು ಅದನ್ನು ನನ್ನ ಕೈಯಿಂದ ಇಸಿದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಜೀವನವಿಡೀ ಅರದಿಂದ ಕಬ್ಬಿಣ ಉಜ್ಜಿದ ಕೈ.

"ಒರಟು ಅರಾ ಹತ್ತು ಸಲ ಎಳದ್ರೂ, ನುಣುಪು ಅರಾ ಹತ್ತು ಸಲ ಎಳದ್ರೂ ಒಂದs ಸಮ ಸವೀತೈತೇನು?" ಎಂದರು. "ಹಳೇ ಕಲ್ಲು ನಮ್ಮವ್ವನ ಕಾಲದಿಂದ ಸವದು ಕನ್ನಡಿ ಆಗಿತ್ತು. ಇದು ಹಸಿ ಕಚ್ಚಿನ ಕಲ್ಲು. ನೀ ಸುತ್ತು ಎಣಿಸಿದಿ, ಕಲ್ಲು ನೋಡಲಿಲ್ಲ."

"ಹಳೇ ಕಲ್ಲು ಒಡದವರು ಯಾರು?"

ಮಷೀನು ಕಿವಿಯಲ್ಲೇ ಇತ್ತು. ಕೇಳಿಸದವರ ಹಾಗೆ ಕಿಟಕಿ ಕಡೆ ನೋಡಿದರು. ಅಲ್ಲಿಂದ ಮುಖ ತಿರುಗಿಸದೆಯೇ, "ಅದಕ್ಕs ಕರಿಬೇವು ಚಿಗುರು ಒಡೀವಲ್ದಾಗಿತ್ತು. ಪಾಪ, ನಿದ್ದಿಗಣ್ಣಾಗ ಇತ್ತು," ಎಂದರು.

ಅಳಿಯ ಮರುದಿನ ಬಂದ. ಸಭ್ಯ ಹುಡುಗ, ದನಿ ಏರಿಸಲಿಲ್ಲ. ಬಾಗಿಲ ಹೊರಗೆ ನಿಂತು ಸವಿತಾಳಿಗೆ ಹೇಳಿದ್ದು ನನಗೆ ಕೇಳಿಸಿತು. "ಈ ಶನಿವಾರ ಕರ್ಕೊಂಡು ಹೋಗ್ತೀನಿ. ನಿಮ್ಮ ಅವ್ವಾರದು ತಪ್ಪು ಅನ್ನವಲ್ಲೆ. ಆದ್ರ, ಕೂಸಿನ ಕಡೆ ಅವ್ರನ್ನ ಒಬ್ಬರನ್ನs ಬಿಡಬ್ಯಾಡ." ಸವಿತಾ ಏನೆಂದಳೋ ಕೇಳಿಸಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಗಟ್ಟಿಯಾಗಿ. ಅದು ಗೊತ್ತಿದ್ದೂ ಆ ಮಾತು ಸೂಜಿಗಿಂತ ಆಳಕ್ಕೆ ಹೋಯಿತು. ಮಂಚದಲ್ಲಿ ಮಲಗಿ ಶನಿವಾರಕ್ಕೆ ಎಷ್ಟು ದಿನ ಎಂದು ಎಣಿಸಿದೆ. ಮೂರು.

ನಾಲ್ಕನೆಯ ದಿನ ಸಂಜೆ ನನ್ನನ್ನು ಮನೆಗೆ ಕಳಿಸಿದರು. ಸವಿತಾ ಕೂಸನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು.

ಮರುದಿನ ಬೆಳಿಗ್ಗೆ ಎದ್ದು ಥೈರಾಯ್ಡಿನ ಮಾತ್ರೆ ನುಂಗಿದೆ. ನಿದ್ದೆ ಇನ್ನೂ ಬಂದಿರಲಿಲ್ಲ, ಅದು ಬರಲು ವಾರಗಳು ಹಿಡಿದವು. ಹೊಸ ಸಾಣೆಕಲ್ಲನ್ನು ಬಚ್ಚಲಿನ ಮೂಲೆಗೆ ಇಟ್ಟೆ. ಹಿಮ್ಮಡಿ ತಿಕ್ಕಲು ಅಂಥ ಕಲ್ಲು ಬೇರೆಲ್ಲೂ ಸಿಗುವುದಿಲ್ಲ. ನೀರು ಕಾಯಿಸಿದೆ. ಹತ್ತೂವರೆಗೆ ಬಚ್ಚಲಿನಲ್ಲಿ ಮಣೆ ಹಾಕಿ, ಸೀರೆ ಮೇಲೆ ಮಾಡಿ, ಕಾಲು ಚಾಚಿ ಕೂತೆ. ಕರೆಯಲಿಲ್ಲ. ಬಂದರೆ ಎರೆಯುವುದು, ಬರದಿದ್ದರೆ ಆ ನೀರಿನಿಂದ ನಾನೇ ಕಾಲು ತೊಳೆದು ಏಳುವುದು ಎಂದುಕೊಂಡೆ. ನೀರಿನ ಆವಿ ಕಡಿಮೆಯಾಗತೊಡಗಿತು.

ಸವಿತಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ನನ್ನ ಕೈ ನೋಡಿದಳು. ನಡುಗುತ್ತಿದ್ದವು. ನಾನು ಮುಚ್ಚಿಕೊಳ್ಳಲಿಲ್ಲ.

"ನೀರು ನಾ ಹಾಕ್ತೀನಿ," ಎಂದಳು. "ತಿಕ್ಕೋದು ನೀನs ತಿಕ್ಕು. ನನಗ ಬರೂದಿಲ್ಲ." ಕೂಸನ್ನು ನನ್ನ ಕಾಲ ಮೇಲೆ ಹಾಕಿದಳು.

ಎರೆದೆವು. ಒರೆಸಿ, ಹೊಗೆ ಹಾಕಿ, ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದಳು. ಬಟ್ಟಲಿಲ್ಲ, ಕಲ್ಲಿಲ್ಲ, ಏನೂ ಇಲ್ಲ. ಕೂಸು ಕೂಡಲೇ ಮಲಗಿತು. ಎಂದಿನ ಹಾಗೆಯೇ, ಅಷ್ಟೇ ಗಾಢವಾಗಿ.

"ನೀನೂ ಒಂದೀಟು ಅಡ್ಡ ಆಗವ್ವಾ," ಎಂದು ಸವಿತಾ ಅಡುಗೆಮನೆಗೆ ಹೋದಳು. ನಮ್ಮಿಬ್ಬರನ್ನೇ ಬಿಟ್ಟು.

ನಾನು ಅಡ್ಡ ಆಗಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೊಟ್ಟೆ ಏರಿ ಇಳಿಯುವುದನ್ನು ನೋಡಿದೆ. ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದೆ. ಒಂದು ಸಲ ಅಂಗಾಲು ಚಿವುಟಲು ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಒಂದು ಗಂಟೆ ನಲವತ್ತು ನಿಮಿಷ ಆದ ಮೇಲೆ ಅದು ಮುಖ ಕೆಂಪಗೆ ಮಾಡಿ, ಎರಡೂ ಮುಷ್ಟಿ ಮೇಲೆತ್ತಿ, ಮನೆ ಹಾರಿಹೋಗುವ ಹಾಗೆ ಅತ್ತಿತು. ಪಡಸಾಲೆಯಿಂದ ಮನೆಯವರು, ಈಗ ಮಷೀನು ಕಿವಿಯಲ್ಲೇ ಇತ್ತು, "ಎದ್ದೈತಿ ನೋಡು!" ಎಂದರು.

"ಕೇಳಸ್ತೈತ್ರಿ," ಎಂದು ಎತ್ತಿಕೊಂಡೆ.